ದುಬೈಯ ಕಡಲತೀರದಲ್ಲಿ ಫಿಲಿಪಿನೋಗಳ ರಜಾದಿನ

ನಮ್ಮ ಕಾಲೇಜಿನಲ್ಲಿ ಯಾರನ್ನು ಕೇಳಿದರೂ ಅಪ್ಪನೋ, ಮಾವನೋ, ಅಣ್ಣನೋ ದುಬೈಯಲ್ಲೋ ದಮ್ಮಾಮ್‌ನಲ್ಲೋ ಇರುತ್ತಾರೆ. ಅವರ ಕೆಲಸ, ಸಂಬಳ, ವೀಸಾ, ಟಿಕೆಟ್ ದರ ಎಲ್ಲವೂ ನಮಗೆ ಬಾಯಿಪಾಠ. ಆದರೆ ವಾರದ ಒಂದು ರಜೆಯನ್ನು ಅಲ್ಲಿ ಹೇಗೆ ಕಳೆಯುತ್ತಾರೆ ಎಂದು ನಾವು ಕೇಳುವುದು ಕಡಿಮೆ. ನಾನು ಹತ್ತನೇ ತರಗತಿಯವರೆಗೆ ದುಬೈಯ ದೇರಾದಲ್ಲಿ ಬೆಳೆದವನು. ನಮ್ಮ ಎದುರಿನ ಫ್ಲ್ಯಾಟಿನಲ್ಲಿ ಫಿಲಿಪ್ಪೀನ್ಸ್‌ನ ಕುಟುಂಬವೊಂದಿತ್ತು. ತಾಯಿ ನರ್ಸ್, ತಂದೆ ಎಸಿ ಮೆಕ್ಯಾನಿಕ್, ಒಬ್ಬಳು ಮಗಳು, ಒಬ್ಬ ಮಗ. ಅವರ ರಜಾದಿನವನ್ನು ಹತ್ತಿರದಿಂದ ನೋಡಿದ್ದೇನೆ, ಎಷ್ಟೋ ಸಲ ಅವರ ಜೊತೆಗೇ ಹೋಗಿದ್ದೇನೆ. ಅದರ ಬಗ್ಗೆ ಬರೆಯುತ್ತಿದ್ದೇನೆ.

ಫಿಲಿಪ್ಪೀನ್ಸ್ ಸರ್ಕಾರ 1974ರ ಕಾರ್ಮಿಕ ಸಂಹಿತೆಯ ಮೂಲಕ ತನ್ನ ಜನರನ್ನು ವಿದೇಶದ ಕೆಲಸಕ್ಕೆ ಕಳುಹಿಸುವ ವ್ಯವಸ್ಥೆಯನ್ನೇ ಮಾಡಿತು. ಎಣ್ಣೆಯ ಬೆಲೆ ಏರಿ ಗಲ್ಫಿನಲ್ಲಿ ಕಟ್ಟಡಗಳು ಏಳತೊಡಗಿದ ಕಾಲ ಅದು. ಆ ದೇಶದ 2023ರ ಸಮೀಕ್ಷೆಯಂತೆ ವಿದೇಶದಲ್ಲಿ ದುಡಿಯುವ ಫಿಲಿಪಿನೋಗಳು 21 ಲಕ್ಷಕ್ಕೂ ಹೆಚ್ಚು. ಅತಿ ಹೆಚ್ಚು ಮಂದಿ ಸೌದಿ ಅರೇಬಿಯಾದಲ್ಲಿ, ನಂತರ ಯುಎಇಯಲ್ಲಿ. ನಮಗಿಂತ ಒಂದು ದೊಡ್ಡ ವ್ಯತ್ಯಾಸವೆಂದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರು. ನಮ್ಮ ಕಡೆ ಅಪ್ಪ ಗಲ್ಫಿಗೆ ಹೋಗಿ ಉಮ್ಮ ಊರಿನಲ್ಲಿರುತ್ತಾರೆ. ಅವರಲ್ಲಿ ಎಷ್ಟೋ ಮನೆಗಳಲ್ಲಿ ಉಮ್ಮನೇ ಹೋಗಿ ಅಜ್ಜಿ ಮಕ್ಕಳನ್ನು ಸಾಕುತ್ತಾರೆ.

ರಜೆ ಯಾವ ದಿನ ಎಂಬುದೇ ಮೊದಲ ಗೊಂದಲ. ಯುಎಇಯಲ್ಲಿ ಮೊದಲು ಗುರುವಾರ, ಶುಕ್ರವಾರ ಸರ್ಕಾರಿ ರಜೆ ಇತ್ತು. 2006ರಲ್ಲಿ ಅದು ಶುಕ್ರವಾರ, ಶನಿವಾರವಾಯಿತು. 2022ರ ಜನವರಿಯಿಂದ ಶನಿವಾರ, ಭಾನುವಾರ ಪೂರ್ತಿ ರಜೆ, ಶುಕ್ರವಾರ ಅರ್ಧ ದಿನ. ಕ್ರೈಸ್ತರಾದ ಅವರು ಅಲ್ಲಿಯವರೆಗೆ ಶುಕ್ರವಾರವೇ ಚರ್ಚಿಗೆ ಹೋಗುತ್ತಿದ್ದರು. ಊದ್ ಮೇತಾದ ಸೇಂಟ್ ಮೇರೀಸ್ ಚರ್ಚಿನಲ್ಲಿ ಶುಕ್ರವಾರವೇ ಜಾತ್ರೆಯಂತಹ ಜನಸಂದಣಿ. ನಾವು ಜುಮಾಕ್ಕೆ ಇಳಿಯುವಾಗ ಅವರೂ ಇಸ್ತ್ರಿ ಬಟ್ಟೆಯಲ್ಲಿ ಲಿಫ್ಟಿನಲ್ಲಿ ಸಿಗುತ್ತಿದ್ದರು.

ಹೊಸ ಪದ್ಧತಿ ಬಂದ ಮೇಲೆ ಮಕ್ಕಳಿಗೆ ಎರಡು ದಿನ ರಜೆ ಸಿಕ್ಕಿತು, ತಂದೆಗೆ ಭಾನುವಾರ ಮಾತ್ರ. ಖಾಸಗಿ ಕೆಲಸಗಾರರಿಗೆ ಕಾನೂನು ಖಾತ್ರಿಪಡಿಸುವುದು ವಾರಕ್ಕೆ ಒಂದು ದಿನ. ತಾಯಿಯದು ಪಾಳಿಯ ಕೆಲಸ. ಅವರ ರಜೆ ಒಂದು ವಾರ ಮಂಗಳವಾರ ಬಂದರೆ ಇನ್ನೊಂದು ವಾರ ಗುರುವಾರ. ನಾಲ್ವರೂ ಒಟ್ಟಿಗೆ ಮನೆಯಲ್ಲಿರುವ ಭಾನುವಾರ ತಿಂಗಳಿಗೆ ಒಂದೋ ಎರಡೋ. ಪಾಳಿಯ ಪಟ್ಟಿ ಬಂದ ಕೂಡಲೇ ಆ ದಿನಗಳಿಗೆ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಬೀಳುತ್ತಿತ್ತು.

ನಾಲ್ವರು ಎಂದೆ. ಆದರೆ ಆ ದಿನ ಅವರ ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದರು. ಕುಟುಂಬವನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಅಷ್ಟು ಇಲ್ಲದವರು ಬೆಡ್ ಸ್ಪೇಸ್‌ನಲ್ಲಿರುತ್ತಾರೆ. ಅಂದರೆ ಬಾಡಿಗೆಗೆ ಪಡೆಯುವುದು ಕೋಣೆಯಲ್ಲ, ಒಂದು ಮಂಚ; ಅದರ ಸುತ್ತ ಒಂದು ಪರದೆ. ಗಲ್ಫಿನ ಭಾಷೆಯಲ್ಲಿ ಇವರೆಲ್ಲ 'ಬ್ಯಾಚುಲರ್'ಗಳು, ಊರಿನಲ್ಲಿ ನಾಲ್ಕು ಮಕ್ಕಳಿದ್ದರೂ ಸರಿ! ಇಂಥವರಿಗೆ ಕುಟುಂಬವಿರುವ ಒಂದು ಮನೆಯೇ ವಾರದ ಆಸರೆ. ಹೆಂಗಸರನ್ನು ಮಕ್ಕಳು 'ತೀತಾ' ಎನ್ನುತ್ತಿದ್ದರು, ಅಂದರೆ ಚಿಕ್ಕಮ್ಮ, ಅತ್ತೆ. ಹಿರಿಯ ಹುಡುಗರು 'ಕುಯಾ', ಅಂದರೆ ಅಣ್ಣ. ರಕ್ತಸಂಬಂಧ ಯಾರಿಗೂ ಇರಲಿಲ್ಲ. ಅವರಲ್ಲಿ ಒಬ್ಬ ತೀತಾ ಮಿಂಡನಾವೋ ದ್ವೀಪದ ಮುಸ್ಲಿಂ. ಅವರು ನಮಾಝಿಗೆ ನಮ್ಮ ಮನೆಗೆ ಬರುತ್ತಿದ್ದರು. ಫಿಲಿಪ್ಪೀನ್ಸ್‌ನಲ್ಲಿ ನೂರಕ್ಕೆ ಆರರಷ್ಟು ಮುಸ್ಲಿಮರಿದ್ದಾರೆ, ಅವರದೇ ಸ್ವಾಯತ್ತ ಪ್ರದೇಶವಾದ ಬಾಂಗ್ಸಾಮೊರೊ 2019ರಲ್ಲಿ ರೂಪುಗೊಂಡಿತು ಎಂದು ನನಗೆ ತಿಳಿದದ್ದು ಅವರಿಂದ. ಫಿಲಿಪಿನೋಗಳು ಧನ್ಯವಾದಕ್ಕೆ ಹೇಳುವ 'ಸಲಾಮತ್' ಕೂಡ ನಮ್ಮ ಸಲಾಮಿನ ಬಂಧುವೇ. ಅರಬಿಯಿಂದ ಮಲಯ ಭಾಷೆಯ ದಾರಿಯಾಗಿ ಅಲ್ಲಿಗೆ ಹೋದ ಪದ.

ನವೆಂಬರಿನಿಂದ ಮಾರ್ಚ್‌ವರೆಗೆ ಎಲ್ಲರೂ ಹೋಗುತ್ತಿದ್ದುದು ಅಲ್ ಮಮ್ಝರ್ ಬೀಚ್ ಪಾರ್ಕಿಗೆ. ದುಬೈ ಮುಗಿದು ಶಾರ್ಜಾ ಆರಂಭವಾಗುವ ಕಡೆ ಅದು. ತಲೆಗೆ 5 ದಿರ್ಹಮ್ ಟಿಕೆಟ್. ಮರಳು, ನೆರಳು, ಮಾಂಸ ಸುಡಲು ಕಟ್ಟಿಸಿಟ್ಟ ಒಲೆಗಳು ಎಲ್ಲವೂ ಇವೆ. ದೊಡ್ಡ ದೊಡ್ಡ ಥೀಮ್ ಪಾರ್ಕುಗಳ ದುಬೈಯನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ದುಡಿಯುವವರ ದುಬೈ ಈ ಐದು ದಿರ್ಹಮಿನದು. ಬೆಳಿಗ್ಗೆ ಏಳಕ್ಕೇ ಒಬ್ಬ ಕುಯಾ ಹೋಗಿ ಚಾಪೆ ಹಾಸಿ ಜಾಗ ಹಿಡಿಯುತ್ತಿದ್ದ.

ಬೇಸಿಗೆಯಲ್ಲಿ ಇದು ಸಾಧ್ಯವೇ ಇಲ್ಲ. ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಕಡಲಿನ ತೇವ ಸೇರಿ ಉಸಿರು ಕಟ್ಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವುದನ್ನೇ ಸರ್ಕಾರ ನಿಷೇಧಿಸಿದೆ. ಆಗ ಮಾಲ್‌ಗಳೇ ಗತಿ. 1981ರಲ್ಲಿ ಆರಂಭವಾದ ಅಲ್ ಗುರೈರ್ ಸೆಂಟರ್ ನಮಗೆ ಹತ್ತಿರ. ಏನೂ ಕೊಳ್ಳದೆ ಮೂರು ಗಂಟೆ ತಣ್ಣಗೆ ನಡೆದಾಡಿ ಬರುವುದು. ಎಸಿ ಮೆಕ್ಯಾನಿಕ್ ಆದ ತಂದೆ ಮಾತ್ರ ಬೇಸಿಗೆಯಲ್ಲಿ ಕಾಣುತ್ತಲೇ ಇರಲಿಲ್ಲ. ಇಡೀ ಊರಿನ ಎಸಿ ಕೆಡುವುದು ಆಗಲೇ ಅಲ್ಲವೇ?

ಊಟದ ಬಗ್ಗೆ ಹೇಳದಿದ್ದರೆ ಈ ಲೇಖನ ಅಪೂರ್ಣ. ಅವರ 'ಪುತೊ' ನಮ್ಮ ಇಡ್ಲಿಯ ಸೋದರ; ಅಕ್ಕಿಯದು, ಹಬೆಯಲ್ಲಿ ಬೇಯಿಸಿದ್ದು, ಸ್ವಲ್ಪ ಸಿಹಿ. 'ಸುಮಾನ್' ಎಂದರೆ ಅಂಟಕ್ಕಿಗೆ ತೆಂಗಿನ ಹಾಲು ಸೇರಿಸಿ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ್ದು. ಅದನ್ನು ಮೊದಲು ಕಂಡಾಗ ಉಮ್ಮ ನಮ್ಮ ಮೂಡೆಯನ್ನು ನೆನೆದರು. 'ಸಿನಿಗಾಂಗ್' ಹುಣಸೆ ಹುಳಿಯ ಸಾರು, ಖಾರ ಮಾತ್ರ ಇಲ್ಲ. ಹುಟ್ಟುಹಬ್ಬವಿದ್ದರೆ 'ಪನ್ಸಿತ್' ಎಂಬ ಶಾವಿಗೆ ಬೇಕೇ ಬೇಕು, ಎಳೆ ಉದ್ದವಿದ್ದಷ್ಟು ಆಯುಷ್ಯ ಉದ್ದವಂತೆ. ಬಾಳೆಲೆ ಹಾಸಿ, ಎಲ್ಲವನ್ನೂ ಒಟ್ಟಿಗೆ ಸುರಿದು, ಸುತ್ತ ನಿಂತು ಕೈಯಿಂದ ತಿನ್ನುವ ಪದ್ಧತಿಗೆ 'ಕಮಾಯಾನ್' ಎನ್ನುತ್ತಾರೆ. ನಾವು ಹೋಗುವ ದಿನ ಕೋಳಿ, ಮೀನು ಮಾತ್ರ. ಅದಕ್ಕೂ ಬೇರೆ ತಂತಿಜಾಲ, ಬೇರೆ ಇಕ್ಕಳ. ಇದನ್ನು ನಾವು ಕೇಳಿರಲಿಲ್ಲ, ಅವರೇ ತಿಳಿದು ಮಾಡಿದ್ದು. ಉಮ್ಮ ಬಿರಿಯಾನಿ ಕಳುಹಿಸಿದರೆ ಪಾತ್ರೆ ಎಂದೂ ಖಾಲಿ ಹಿಂದಿರುಗಿದ್ದಿಲ್ಲ.

ತಿಂದ ಮೇಲೆ ಹಾಡು. ಕರಾವೋಕೆ ಇಲ್ಲದ ಫಿಲಿಪಿನೋ ಕೂಟವನ್ನು ನಾನು ನೋಡಿಲ್ಲ. ಹುಡುಗರು ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಅದು ಹಾಗೆ.

ಆದರೆ ನಾಲ್ಕು ಗಂಟೆ ಸಮೀಪಿಸುತ್ತಿದ್ದಂತೆ ಹಾಡು ನಿಲ್ಲುತ್ತಿತ್ತು. ಫಿಲಿಪ್ಪೀನ್ಸ್‌ನ ಗಡಿಯಾರ ದುಬೈಗಿಂತ ನಾಲ್ಕು ಗಂಟೆ ಮುಂದಿದೆ. ಇಲ್ಲಿ ನಾಲ್ಕಾದರೆ ಅಲ್ಲಿ ರಾತ್ರಿ ಎಂಟು. ಇನ್ನೂ ತಡವಾದರೆ ಮಕ್ಕಳು ಮಲಗಿಬಿಡುತ್ತಾರೆ. ಒಬ್ಬೊಬ್ಬ ತೀತಾ ಒಂದೊಂದು ಮರದಡಿಗೆ ಹೋಗಿ ವಿಡಿಯೋ ಕಾಲ್ ಮಾಡುತ್ತಿದ್ದರು. ಮನೆಪಾಠದ ಪುಸ್ತಕವನ್ನು ಕ್ಯಾಮೆರಾದ ಮುಂದೆ ಹಿಡಿಸಿ ಲೆಕ್ಕ ಹೇಳಿಕೊಡುವವರೂ ಇದ್ದರು. ಅಮ್ಮನಾಗುವುದು ಎಂದರೆ ಅವರಿಗೆ ವಾರದಲ್ಲಿ ಬಿಡುವಾಗಿ ಸಿಗುವ ಆ ಒಂದು ಗಂಟೆ.

ಸಂಜೆಯ ಇನ್ನೊಂದು ಕೆಲಸ 'ಬಾಲಿಕ್‌ಬಾಯಾನ್' ಪೆಟ್ಟಿಗೆ. ಹೆಚ್ಚು ಕಡಿಮೆ ಸೊಂಟದೆತ್ತರದ ರಟ್ಟಿನ ಪೆಟ್ಟಿಗೆ ತಿಂಗಳುಗಟ್ಟಲೆ ಕೋಣೆಯ ಮೂಲೆಯಲ್ಲಿ ನಿಂತಿರುತ್ತದೆ. ಹಡಗಿನಲ್ಲಿ ಹೋಗುವ ಇದಕ್ಕೆ ದರ ಪೆಟ್ಟಿಗೆಯ ಗಾತ್ರದ ಮೇಲೆ, ತೂಕದ ಮೇಲಲ್ಲ. ಹಾಗಾಗಿ ಒಂದು ಬೆರಳಿನಷ್ಟು ಜಾಗವನ್ನೂ ಬಿಡುವಂತಿಲ್ಲ: ಶೂ ಒಳಗೆ ಕಾಲುಚೀಲ, ಕಾಲುಚೀಲದ ಒಳಗೆ ಸಾಬೂನು. ರಜೆ ಬಂದಾಗಲೆಲ್ಲ ಅಂಗಡಿಯ ರಿಯಾಯಿತಿ ನೋಡಿ ಟಿನ್ ಮಾಂಸ, ಶಾಂಪೂ, ಚಾಕೊಲೇಟ್ ತಂದು ತುಂಬುತ್ತಾರೆ. ವರ್ಷಕ್ಕೆ ಮೂರು ಸಲ, ಒಟ್ಟು ಒಂದೂವರೆ ಲಕ್ಷ ಪೆಸೊ ಮೌಲ್ಯದವರೆಗೆ ಇಂಥ ಪೆಟ್ಟಿಗೆಗಳಿಗೆ ಸುಂಕವಿಲ್ಲ ಎಂದು ಫಿಲಿಪ್ಪೀನ್ಸ್‌ನ 2016ರ ಕಾನೂನು ಹೇಳುತ್ತದೆ. ನಮ್ಮವರು 30 ಕಿಲೋ ಲಗೇಜಿಗಾಗಿ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿ ಟ್ಯಾಂಗ್ ಡಬ್ಬಿ ಹೊರತೆಗೆಯುವಾಗ ನನಗೆ ಇದು ನೆನಪಾಗುತ್ತದೆ. ಕ್ರಿಸ್‌ಮಸ್ಸಿಗೆ ತಲುಪಬೇಕಾದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಹೊರಡಬೇಕು.

ಈ ಭಾನುವಾರಗಳಿಗೆ ಒಂದು ಕೊನೆಯೂ ಇದೆ. ಸಾಮಾನ್ಯ ಕೆಲಸಗಾರರ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಎಷ್ಟು ವರ್ಷ ಇದ್ದರೂ ಆ ಊರು ನಮ್ಮದಾಗುವುದಿಲ್ಲ. ಅಲ್ಲಿನ ಕಾಲೇಜು ಶುಲ್ಕ ದುಬಾರಿಯೆಂದು ನನ್ನನ್ನು ಇಲ್ಲಿಗೆ ಕಳುಹಿಸಿದರು, ಅಪ್ಪ ಇನ್ನೂ ಅಲ್ಲೇ ಇದ್ದಾರೆ, ಈಗ ಒಬ್ಬರೇ, ಬೆಡ್ ಸ್ಪೇಸ್‌ನಲ್ಲಿ. ಕೆಲವು ಭಾನುವಾರ ಎದುರು ಫ್ಲ್ಯಾಟಿನವರೇ ಅವರನ್ನು ಊಟಕ್ಕೆ ಕರೆಯುತ್ತಾರೆ. ಆ ಮನೆಯ ಮಗಳೂ ನರ್ಸಿಂಗ್ ಓದಲು ಫಿಲಿಪ್ಪೀನ್ಸ್‌ಗೆ ಹೋಗಿದ್ದಾಳೆ. ಹೋದ ತಿಂಗಳು ಅಪ್ಪ ಕಾಲ್ ಮಾಡಿದಾಗ ಹಿಂದೆ ಅದೇ ರಟ್ಟಿನ ಪೆಟ್ಟಿಗೆ ಕಂಡಿತು. ಈ ಸಲ ಅದು ಅವಳಿಗೆ ಹೋಗುತ್ತದಂತೆ.