ಕಹಳೆ ಬಂಡೆಯ ಬಾವಲಿಗಳು

ಉದ್ಯಾನವೆಂದೊಡನೆ ಹೂವಿನ ಪಾತಿ, ಕಾರಂಜಿ, ಕಲ್ಲುಬೆಂಚುಗಳು ನೆನಪಾಗುವುದು ಸಹಜ. ಆದರೆ ಮಾನವನ ವಿಹಾರಸ್ಥಾನವಾದ ಉದ್ಯಾನವು ಅನ್ಯಜೀವಿಗಳ ವಾಸಸ್ಥಾನವೂ ಆಗಬಲ್ಲುದೆಂಬುದಕ್ಕೆ ಬೆಂಗಳೂರು ಬಸವನಗುಡಿಯ ಕಹಳೆ ಬಂಡೆ ಉದ್ಯಾನವು ಉತ್ತಮ ನಿದರ್ಶನ.

ದೊಡ್ಡ ಬಸವಣ್ಣನ ದೇವಾಲಯದ ನೆರೆಯಲ್ಲಿರುವ ಇಲ್ಲಿಯ ಶಿಲೆಯು ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವಾದುದು. ಹಿಂದೆ ಕಾವಲುಗಾರರು ಇದರ ನೆತ್ತಿಯಿಂದ ಕಹಳೆಯನ್ನೂದಿ ಜನರನ್ನು ಎಚ್ಚರಿಸುತ್ತಿದ್ದರೆಂದು ಪ್ರತೀತಿ. ಇಂದು ವೃದ್ಧರು ವಾಯುಸೇವನೆಗಾಗಿಯೂ ಮಕ್ಕಳು ಬಂಡೆಯನ್ನೇರುವ ಉತ್ಸಾಹದಿಂದಲೂ ಇಲ್ಲಿಗೆ ಬರುತ್ತಾರೆ. ಅವರ ತಲೆಯ ಮೇಲಣ ಹೆಮ್ಮರಗಳಲ್ಲಿ ಬಾವಲಿಗಳು ತಲೆಕೆಳಗಾಗಿ ತೂಗಿ ಹಗಲನ್ನು ಕಳೆಯುತ್ತವೆ.

ಹಣ್ಣನ್ನು ತಿಂದು ಬದುಕುವ ದೊಡ್ಡ ಬಾವಲಿಯ ರೆಕ್ಕೆಗಳ ಹರವು 1 ಮೀಟರಿಗೂ ಮಿಗಿಲು. ಸಣ್ಣ ಬಾವಲಿಗಳು ಕೀಟಗಳನ್ನು ಹಿಡಿಯುವಾಗ ಪ್ರತಿಧ್ವನಿಯನ್ನು ಆಶ್ರಯಿಸಿದರೆ, ಇದು ಕಣ್ಣನ್ನೂ ಮೂಗನ್ನೂ ನಂಬಿ ಆಹಾರವನ್ನರಸುತ್ತದೆ. ಮುಸ್ಸಂಜೆಗೆ ಹೊರಟು ಆಲ, ಅತ್ತಿಗಳ ಹಣ್ಣನ್ನು ಸವಿದು, ಬೀಜಗಳನ್ನು ದೂರದೂರಕ್ಕೆ ಚೆಲ್ಲುತ್ತದೆ. ಹಿಪ್ಪೆಯಂತಹ ಮರಗಳ ಪರಾಗಸ್ಪರ್ಶಕ್ಕೂ ನೆರವಾಗುತ್ತದೆ. ಹೀಗೆ ಮರವನ್ನಾಶ್ರಯಿಸಿದ ಪ್ರಾಣಿಯೇ ಮರಗಳನ್ನು ನೆಡುವ ಮಾಲಿಯೂ ಆಗಿದೆ.

ಆದರೂ ಬಹುಕಾಲ ಇದಕ್ಕೆ ದೊರೆತುದು ಅಪಕೀರ್ತಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳೊಡನೆ ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿತ್ತು. ಆ ಪಟ್ಟಿಯು ರದ್ದಾದುದು 2022ರ ತಿದ್ದುಪಡಿಯಿಂದ. ತಾಯಿಬಾವಲಿಯು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿಯನ್ನು ಹೆರುವುದರಿಂದ, ಒಮ್ಮೆ ಕುಗ್ಗಿದ ಸಂತತಿಯು ಬೇಗನೆ ಚೇತರಿಸಿಕೊಳ್ಳಲಾರದು.

ಕಾರ್ತಿಕಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಜನಸಾಗರವೇ ಇತ್ತ ಹರಿದುಬರುತ್ತದೆ. ಜನರ ಸಂತೋಷಕ್ಕೂ ಬಾವಲಿಗಳ ಬದುಕಿಗೂ ವಿರೋಧವಿರಬೇಕಾಗಿಲ್ಲ. ಹಳೆಯ ಮರಗಳನ್ನು ಉಳಿಸುವುದು, ಅವು ತಂಗುವ ಕೊಂಬೆಗಳತ್ತ ಪ್ರಖರ ದೀಪಗಳನ್ನು ತಿರುಗಿಸದಿರುವುದು, ಪಟಾಕಿಯ ಸದ್ದನ್ನು ವರ್ಜಿಸುವುದು, ಇಷ್ಟೇ ಸಾಕು. ಬಾವಲಿ ಕಚ್ಚಿಬಿಟ್ಟ ಹಣ್ಣನ್ನು ತಿನ್ನಬಾರದು, ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಿಂದ ಮುಟ್ಟಬಾರದು ಎಂಬ ಎಚ್ಚರವನ್ನು ಮಕ್ಕಳಿಗೆ ಕಲಿಸುವುದೂ ಅವಶ್ಯ. ಎಚ್ಚರವೆಂದರೆ ದ್ವೇಷವಲ್ಲ.

ಸಕಲ ಜೀವಿಗಳಲ್ಲಿ ದಯೆಯನ್ನು ಬೋಧಿಸಿದ ಶರಣಪರಂಪರೆಯ ವಿದ್ಯಾಲಯಗಳಿಗೆ ಇದೊಂದು ಪ್ರತ್ಯಕ್ಷ ಪಾಠ. ಸುಂದರವಾದುದನ್ನು ಪ್ರೀತಿಸಲು ಗುರುಗಳ ಉಪದೇಶ ಬೇಕಿಲ್ಲ. ಕುರೂಪವೆಂದು ಜರೆದುದರ ಉಪಕಾರವನ್ನು ಕಾಣಿಸುವುದೇ ವಿದ್ಯೆಯ ಕಾರ್ಯ. ಪ್ರವಾಸಕ್ಕೆಂದು ಬೆಂಗಳೂರಿಗೆ ಬಂದ ವಿದ್ಯಾರ್ಥಿಗಳನ್ನು ಉಪಾಧ್ಯಾಯರು ಒಂದು ಮುಸ್ಸಂಜೆ ಈ ಬಂಡೆಯ ಬಳಿ ನಿಲ್ಲಿಸಿದರೆ, ಆ ಪಾಠವು ಆಗಸದಲ್ಲಿಯೇ ತೆರೆದುಕೊಳ್ಳುವುದು.