ದೇವರಿದ್ದಾನೆ ಎಂದು ಕಂಪ್ಯೂಟರ್ ಸಾಬೀತು ಮಾಡಿದ್ದು ನಿಜವೇ?

‘ದೇವರಿದ್ದಾನೆ ಎಂಬುದನ್ನು ವಿಜ್ಞಾನಿಗಳು ಕಂಪ್ಯೂಟರ್ ಮೂಲಕ ಸಾಬೀತು ಮಾಡಿದ್ದಾರೆ’ ಎಂಬರ್ಥದ ಸುದ್ದಿ 2013ರಲ್ಲಿ ಹಲವು ದೇಶಗಳ ಮಾಧ್ಯಮಗಳಲ್ಲಿ ಬಂದಿತ್ತು. ಇದು ಪೂರ್ತಿ ಕಟ್ಟುಕತೆಯಲ್ಲ. ಆದರೆ ತಲೆಬರಹ ಹೇಳುವಷ್ಟು ನಿಜವೂ ಅಲ್ಲ.

ಗಣಿತಜ್ಞ ಕರ್ಟ್ ಗೋಡೆಲ್ ದೇವರ ಅಸ್ತಿತ್ವದ ಬಗ್ಗೆ ಒಂದು ತಾರ್ಕಿಕ ವಾದವನ್ನು ಬರೆದಿಟ್ಟಿದ್ದರು. ಡಾನಾ ಸ್ಕಾಟ್ ಎಂಬ ತರ್ಕಶಾಸ್ತ್ರಜ್ಞ ಅದನ್ನು ಸ್ವಲ್ಪ ಬದಲಿಸಿ ದಾಖಲಿಸಿದರು. 2013ರಲ್ಲಿ ಬರ್ಲಿನ್‌ನ ಕ್ರಿಸ್ಟೋಫ್ ಬೆನ್ಜ್‌ಮ್ಯುಲರ್ ಮತ್ತು ವಿಯೆನ್ನಾದ ಬ್ರೂನೋ ವೋಲ್ಟ್ಸೆನ್‌ಲೋಗೆಲ್ ಪಾಲಿಯೋ ಎಂಬ ಸಂಶೋಧಕರು ಸ್ಕಾಟ್ ಅವರ ರೂಪವನ್ನು ತಂತ್ರಾಂಶಕ್ಕೆ ಕೊಟ್ಟು ನೋಡಿದರು. ಹೆಜ್ಜೆಗಳೆಲ್ಲ ಸರಿಯಾಗಿವೆ ಎಂಬ ಉತ್ತರ ಬಂತು.

ಇಲ್ಲಿ ಮುಖ್ಯವಾದ ಪದ ‘ಹೆಜ್ಜೆ’. ಹೈಸ್ಕೂಲಿನ ರೇಖಾಗಣಿತದಲ್ಲಿ ‘ದತ್ತ’, ‘ಸಾಧನೀಯ’, ‘ಸಾಧನೆ’ ಎಂದು ಬರೆಯುತ್ತಿದ್ದುದು ನೆನಪಿರಬಹುದು. ಈ ತಂತ್ರಾಂಶಗಳು ದತ್ತದಿಂದ ಸಾಧನೀಯಕ್ಕೆ ಹೋಗುವ ದಾರಿಯನ್ನಷ್ಟೇ ಪರೀಕ್ಷಿಸುತ್ತವೆ. ದತ್ತ ನಿಜವೋ ಸುಳ್ಳೋ ಎಂಬುದು ಅವಕ್ಕೆ ಸಂಬಂಧವಿಲ್ಲ.

ಉದಾಹರಣೆಗೆ: ಎಲ್ಲ ಮೀನುಗಳೂ ಮರ ಹತ್ತುತ್ತವೆ, ಬಂಗುಡೆ ಒಂದು ಮೀನು, ಆದ್ದರಿಂದ ಬಂಗುಡೆ ಮರ ಹತ್ತುತ್ತದೆ. ತಂತ್ರಾಂಶ ಇದನ್ನು ಪಾಸು ಮಾಡುತ್ತದೆ! ಇನ್ನೊಂದು ನೋಡಿ: ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ; ಅಂಗಳ ಒದ್ದೆಯಾಗಿದೆ; ಆದ್ದರಿಂದ ಮಳೆ ಬಂದಿದೆ. ಇದು ಫೇಲು. ರಂಗೋಲಿ ಹಾಕಲು ಯಾರೋ ನೀರು ಚಿಮುಕಿಸಿರಬಹುದಲ್ಲ? ‘ಈ ಕಷಾಯ ಕುಡಿದೆ, ಮೂರು ದಿನದಲ್ಲಿ ಜ್ವರ ಇಳಿಯಿತು, ಹಾಗಾಗಿ ಇಳಿಸಿದ್ದು ಕಷಾಯವೇ’ ಎನ್ನುವ ಫಾರ್ವರ್ಡ್‌ಗಳು ಮುಗ್ಗರಿಸುವುದೂ ಹೆಚ್ಚುಕಡಿಮೆ ಇಲ್ಲೇ. ಜ್ವರ ತಾನಾಗಿಯೂ ಇಳಿಯುತ್ತದೆ.

ಗೋಡೆಲ್ ವಾದದ ದತ್ತಗಳಲ್ಲಿ ‘ಅನಿವಾರ್ಯವಾಗಿ ಅಸ್ತಿತ್ವದಲ್ಲಿರುವುದು ಒಂದು ಸಕಾರಾತ್ಮಕ ಗುಣ’ ಎಂಬುದೂ ಒಂದು. ಇದನ್ನು ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ಕಂಪ್ಯೂಟರ್‌ಗಲ್ಲ. ಸುದ್ದಿಯಲ್ಲಿ ಅಷ್ಟಾಗಿ ಸದ್ದು ಮಾಡದ ಸಂಗತಿ ಇನ್ನೊಂದಿದೆ. ಗೋಡೆಲ್ ಬರೆದ ಮೂಲ ರೂಪದ ದತ್ತಗಳು ಒಂದಕ್ಕೊಂದು ವಿರುದ್ಧವಾಗಿವೆ ಎಂಬುದನ್ನು ಲಿಯೋ-2 ಎಂಬ ತಂತ್ರಾಂಶ ಪತ್ತೆ ಮಾಡಿತು. ಹಾಗೆ ವಿರೋಧವಿರುವ ದತ್ತಗಳಿಂದ ದೇವರಿದ್ದಾನೆ ಎಂದೂ ಸಾಧಿಸಬಹುದು, ಇಲ್ಲ ಎಂದೂ ಸಾಧಿಸಬಹುದು. ನನ್ನ ಮಟ್ಟಿಗೆ ನಿಜವಾದ ಸುದ್ದಿ ಇದೇ.

ಇಂಥ ತಂತ್ರಾಂಶಗಳು ಈಗ ತರಗತಿಗೂ ಬಂದಿವೆ. ಲಂಡನ್‌ನ ಇಂಪೀರಿಯಲ್ ಕಾಲೇಜಿನ ಕೆವಿನ್ ಬಜರ್ಡ್ ಮತ್ತು ಮೊಹಮ್ಮದ್ ಪೆದ್ರಾಮ್‌ಫರ್ 2019ರಲ್ಲಿ ‘ನ್ಯಾಚುರಲ್ ನಂಬರ್ ಗೇಮ್’ ಎಂಬ ಆಟ ರೂಪಿಸಿದರು. ಅದರ ಹಿಂದಿರುವುದು ಲೀನ್ ಎಂಬ ತಂತ್ರಾಂಶ. ಬ್ರೌಸರ್‌ನಲ್ಲೇ ಉಚಿತವಾಗಿ ಆಡಬಹುದು. ‘ಯಾವುದೇ ಸಂಖ್ಯೆಗೆ ಸೊನ್ನೆ ಕೂಡಿಸಿದರೆ ಅದೇ ಸಂಖ್ಯೆ’ ಎಂಬುದನ್ನು ಆಟ ನಿಮಗೆ ದತ್ತವಾಗಿ ಕೊಡುತ್ತದೆ. ಆದರೆ ‘ಸೊನ್ನೆಗೆ ಒಂದು ಸಂಖ್ಯೆ ಕೂಡಿಸಿದರೆ ಅದೇ ಸಂಖ್ಯೆ’ ಎಂಬುದನ್ನು ಕೊಡುವುದಿಲ್ಲ! ಎರಡೂ ಒಂದೇ ಅಲ್ಲವೇ ಎಂದರೆ ಅದು ಕೇಳುವುದಿಲ್ಲ. ಹೇಗೆ ಬರೆದರೂ ಕೂಡುವಿಕೆ ಒಂದೇ ಎಂಬುದನ್ನು ನೀವಿನ್ನೂ ಸಾಧಿಸಿಲ್ಲವಲ್ಲ. ‘ಗಣಿತೀಯ ಅನುಗಮನ’ ಬಳಸಿ ಸಾಧಿಸಬೇಕು: ಮೊದಲು ಸೊನ್ನೆಗೆ, ಆಮೇಲೆ ಒಂದು ಸಂಖ್ಯೆಗೆ ಸರಿಯಿದ್ದರೆ ಅದರ ಮುಂದಿನದಕ್ಕೂ ಸರಿ ಎಂದು. ಮೇಷ್ಟರಾದರೆ ‘ಸರಿ, ಮುಂದೆ ಹೋಗು’ ಎಂದು ಬಿಟ್ಟುಬಿಡುತ್ತಿದ್ದ ಜಾಗದಲ್ಲಿ ಆಟ ನಿಲ್ಲಿಸಿಬಿಡುತ್ತದೆ. ತಾನು ಏನನ್ನು ಸುಮ್ಮನೆ ನಂಬಿಕೊಂಡಿದ್ದೆ ಎಂಬುದು ವಿದ್ಯಾರ್ಥಿಗೆ ಅಲ್ಲೇ ಗೊತ್ತಾಗುತ್ತದೆ.

ಹಾಗೆಂದು ಇದು ಮೇಷ್ಟರಿಗೆ ಬದಲಿಯಲ್ಲ. ಅರ್ಥವಾಗದಿದ್ದರೂ ಕೈಗೆ ಸಿಕ್ಕ ಆಜ್ಞೆಗಳನ್ನು ಒಂದಾದ ಮೇಲೊಂದು ಟೈಪಿಸುತ್ತಾ ಹೋದರೆ ಎಷ್ಟೋ ಹಂತಗಳು ದಾಟಿಬಿಡುತ್ತವೆ. ಅದನ್ನು ಹಿಡಿಯಲು ಹಳೆಯ ದಾರಿಯೇ ಗಟ್ಟಿ: ಪರದೆ ಮುಚ್ಚಿ, ಅದೇ ಸಾಧನೆಯನ್ನು ಹಾಳೆಯ ಮೇಲೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ತೋರಿಸು ಎನ್ನುವುದು.