ಹುಟ್ಟು ಮರೆಯದ ಅಂಚು

ಊದುಬತ್ತಿಯ ಕೆಂಡವನ್ನು ಹಳೇ ನೋಟ್‌ಬುಕ್ಕಿನ ಹಾಳೆಗೆ ತಾಗಿಸಿ ತೂತು ಮಾಡುವುದು ನಮ್ಮ ಬಾಲ್ಯದ ಕಳ್ಳಾಟಗಳಲ್ಲೊಂದು. ತೂತು ಹಿಗ್ಗುತ್ತ ಹೋದಂತೆ ಅದರ ಕೆಂಪು ಅಂಚು ದುಂಡಗೆ ಉಳಿಯುತ್ತಿರಲಿಲ್ಲ. ಇಲ್ಲಿ ಮುಂದೆ ಚಾಚಿ, ಅಲ್ಲಿ ಹಿಂದೆ ಬಿದ್ದು ಅಂಕುಡೊಂಕಾಗುತ್ತಿತ್ತು. ಆ ಡೊಂಕಿಗೂ ಒಂದು ಲೆಕ್ಕವಿದೆ ಎಂದಿದ್ದರೆ ನಕ್ಕುಬಿಡುತ್ತಿದ್ದೆವು.

ಲೆಕ್ಕವನ್ನು 1986ರಲ್ಲಿ ಬರೆದಿಟ್ಟವರು ಕಾರ್ದಾರ್, ಪರೀಸಿ, ಝಾಂಗ್ ಎಂಬ ಮೂವರು ಭೌತವಿಜ್ಞಾನಿಗಳು. (ಪರೀಸಿಗೆ 2021ರಲ್ಲಿ ನೊಬೆಲ್ ಬಂತು, ಮುಖ್ಯವಾಗಿ ಬೇರೆ ಕೆಲಸಗಳಿಗೆ.) ಅಂಚು ತಾನು ಮುಖ ಮಾಡಿದ ಕಡೆಗೆ ಬೆಳೆಯುತ್ತದೆ, ಚೂಪಾದ ಮೊನೆಗಳು ಸವೆಯುತ್ತವೆ, ಜೊತೆಗೆ ಯದ್ವಾತದ್ವಾ ತಳ್ಳಾಟ ನಡೆದೇ ಇರುತ್ತದೆ. ಇಷ್ಟನ್ನು ಒಂದೇ ಸಮೀಕರಣದಲ್ಲಿ ಕೂಡಿಸಿದರೆ ಬರುವ ಉತ್ತರ: ಅಂಚಿನ ಏರುಪೇರು ಕಾಲದ ಘನಮೂಲದಂತೆ ಹೆಚ್ಚಬೇಕು. ಎಂಟು ಪಟ್ಟು ಹೊತ್ತು ಕಳೆದರೆ ಎರಡು ಪಟ್ಟು ಒರಟು.

ಇದನ್ನು ಒರೆಗೆ ಹಚ್ಚಲು ಕಾಗದ ಒಳ್ಳೆಯದಲ್ಲ. ಒಂದು ಹಾಳೆಯ ನಾರು ಇನ್ನೊಂದರಂತಿರುವುದಿಲ್ಲ. ಸುಟ್ಟಮೇಲೆ ಹಾಳೆಯೂ ಇಲ್ಲ. ಟೋಕಿಯೊ ವಿಶ್ವವಿದ್ಯಾಲಯದ ಕಝುಮಾಸ ತಾಕೆಉಚಿ, ಮಸಾಕಿ ಸಾನೊ ಆರಿಸಿಕೊಂಡದ್ದು ದ್ರವಸ್ಫಟಿಕವನ್ನು.

ದ್ರವಸ್ಫಟಿಕ ನೀರಿನಂತೆ ಹರಿಯುತ್ತದೆ; ಆದರೆ ಅದರ ಕಡ್ಡಿಯಂಥ ಅಣುಗಳು, ಹೊಳೆಯಲ್ಲಿ ತೇಲುವ ಹುಲ್ಲುಕಡ್ಡಿಗಳ ಹಾಗೆ, ಒಂದೇ ದಿಕ್ಕಿಗೆ ತಿರುಗಿರುತ್ತವೆ. (ಕಡ್ಡಿಗಳೇ ಆಗಬೇಕೆಂದಿಲ್ಲ. ಬಿಲ್ಲೆಯಾಕಾರದ ಅಣುಗಳೂ ಹೀಗೆ ವರ್ತಿಸುತ್ತವೆಂದು 1977ರಲ್ಲಿ ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ತಂಡ.) ಕಡ್ಡಿಯಣುಗಳ ದ್ರವಸ್ಫಟಿಕವನ್ನು ಎರಡು ಗಾಜುಗಳ ನಡುವೆ ಕೂದಲೆಳೆಗಿಂತ ತೆಳ್ಳಗೆ ತುಂಬಿ ಪರ್ಯಾಯ ವಿದ್ಯುತ್ ಹಾಯಿಸಿದರೆ ದ್ರವ ಕಲಕಿ ಗೊಂದಲಕ್ಕೆ ಬೀಳುತ್ತದೆ. ಈ ಗೊಂದಲದಲ್ಲೂ ಎರಡು ಬಗೆ. ಮೊದಲನೆಯದರಲ್ಲಿ ಅಣುಗಳ ಸಾಲು ಬಾಗಿ ಬಳುಕಿದರೂ ತುಂಡಾಗುವುದಿಲ್ಲ. ಎರಡನೆಯದರಲ್ಲಿ ಸಾಲು ತುಂಡಾಗಿ, ದಿಕ್ಕುಗೆಟ್ಟ ಎಳೆಗಳು ಸಿಕ್ಕುಸಿಕ್ಕಾಗಿ ಹೆಣೆದುಕೊಂಡು ಹೆಚ್ಚುತ್ತ ಹೋಗುತ್ತವೆ. ವೋಲ್ಟೇಜನ್ನು ಹದವಾಗಿಟ್ಟರೆ ಮೊದಲನೆಯದು ಕಾದು ಕೂರುತ್ತದೆ, ಹೆಪ್ಪಿಗೆ ಕಾದ ಹಾಲಿನ ಹಾಗೆ. ಹೆಪ್ಪು ಹಾಕುವುದು ನೇರಳಾತೀತ ಲೇಸರಿನ ಒಂದು ಮಿಂಚು. ಅದು ಬಿದ್ದಲ್ಲಿ ಎರಡನೆಯ ಸ್ಥಿತಿ ಹುಟ್ಟಿ, ಕಪ್ಪು ಕಲೆಯಾಗಿ ಹಬ್ಬುತ್ತದೆ. ವಿದ್ಯುತ್ ಆರಿಸಿದರೆ ಎಲ್ಲ ಅಳಿಸಿದ ಸ್ಲೇಟು. ಮತ್ತೆ ಮೊದಲಿಂದ ಶುರು. ಹೀಗೆ ಸುಮಾರು ಸಾವಿರ ಸಲ. ಪ್ರಯೋಗದ ಜಾಣತನವೆಲ್ಲ ಈ ಸುಲಭದ ಅಳಿಸುವಿಕೆಯಲ್ಲಿದೆ ಎಂದೇ ನನ್ನೆಣಿಕೆ.

ಕಲೆಯ ಅಂಚಿನ ಏರುಪೇರು ಘನಮೂಲದ ಲೆಕ್ಕಕ್ಕೆ ಸರಿಯಾಗಿ ಹೊಂದಿತು. 2010ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಇನ್ನೂ ಸೋಜಿಗದ್ದೊಂದಿತ್ತು. ಅಂಚಿನ ಯಾವ ಭಾಗ ಸರಾಸರಿಗಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ನಕ್ಷೆ ಬರೆದರೆ ನಮಗೆ ಪರಿಚಿತವಾದ ಗಂಟೆಯಾಕಾರ ಬರಲಿಲ್ಲ. ಒಂದು ಕಡೆಗೆ ವಾಲಿದ ರೇಖೆ ಬಂತು. 1990ರ ದಶಕದಲ್ಲಿ ಟ್ರೇಸಿ ಮತ್ತು ವಿಡಮ್ ಎಂಬ ಗಣಿತಜ್ಞರು, ದ್ರವದ ಯೋಚನೆಯೇ ಇಲ್ಲದೆ, ಯಾದೃಚ್ಛಿಕ ಅಂಕಿಗಳ ಮಾತೃಕೆಗಳನ್ನು ಅಭ್ಯಸಿಸುವಾಗ ಕಂಡುಕೊಂಡಿದ್ದ ರೇಖೆ ಅದು.

ಮುಂದೆ ತಾಕೆಉಚಿ, ಸಾನೊ ಲೇಸರನ್ನು ಚುಕ್ಕೆಯ ಬದಲು ಗೆರೆಯಾಗಿ ಹಾಯಿಸಿ, ನೇರ ಅಂಚನ್ನೇ ಬೆಳೆಸಿದರು. ಘನಮೂಲ ಅದೇ. ರೇಖೆ ಮಾತ್ರ ಟ್ರೇಸಿ-ವಿಡಮ್ ಕುಟುಂಬದ ಇನ್ನೊಂದು ಕವಲಿನದು. ಚುಕ್ಕೆಯಿಂದ ಹುಟ್ಟಿದ ಕಲೆ ಹಿಗ್ಗಿ ಹಿಗ್ಗಿ, ಅದರ ಅಂಚಿನ ತುಂಡೊಂದು ಕಣ್ಣಿಗೆ ನೆಟ್ಟಗಿನ ಗೆರೆಯಂತೆಯೇ ಕಂಡರೂ, ಅದರ ನಡುಕ ಗೆರೆಯ ನಡುಕವಾಗುವುದಿಲ್ಲ.